ಹದಿನೇಳನೆಯ ಪುಟ

ನಮ್ಮ ಲೇಖಕರು ಮಾಡಿದ ತಪ್ಪು ಇಷ್ಟೇ: ಒಂದು ಆಮೆಯನ್ನು ಮಲಗಿಸಿದರು. ಅದನ್ನು ಎಬ್ಬಿಸಲು ಆರು ವರ್ಷ ಹೆಣಗಿದರು. ಅಷ್ಟರಲ್ಲಿ ಅವರು ಮನೆಯಿಂದ ಹೊರಗೆ ಕಾಲಿಟ್ಟರೆ ಸಾಕು, ಬೀದಿಯವರು ಕಿಟಕಿ ಮುಚ್ಚಿ ಮನೆಮಂದಿಯ ತಲೆ ಎಣಿಸಿಕೊಳ್ಳುವ ಮಟ್ಟಕ್ಕೆ ಅವರ ಖ್ಯಾತಿ ಬೆಳೆದಿತ್ತು. ಸಾಹಿತಿಗಳಿಗೆ ಖ್ಯಾತಿ ನಾನಾ ಬಗೆಯಲ್ಲಿ ಬರುತ್ತದೆ. ಈ ಬಗೆಯದು ಮಾತ್ರ ಶತ್ರುವಿಗೂ ಬೇಡ.

ಹೊಟ್ಟೆಪಾಡಿಗೆ ಅವರು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರು. ನಲ್ಲಿ ಸೋರುತ್ತದೆ, ನಲ್ಲಿಯಲ್ಲಿ ನೀರೇ ಬರುವುದಿಲ್ಲ ಎಂಬ ಎರಡು ಬಗೆಯ ದೂರುಗಳನ್ನು ಇಪ್ಪತ್ತೆರಡು ವರ್ಷ ಬರೆದುಕೊಂಡ ಮನುಷ್ಯನಿಗೆ ಮಕ್ಕಳನ್ನು ನಗಿಸಬೇಕೆಂಬ ಆಸೆ ಎಲ್ಲಿಂದ ಹುಟ್ಟಿತೋ ದೇವರೇ ಬಲ್ಲ. ಹುಟ್ಟಿತು. ಒಂದು ಭಾನುವಾರ ಕಥೆ ಬರೆದು ಹೆಂಡತಿಗೆ ಓದಿ ಹೇಳಿದರು. ಬಟ್ಟೆ ಮಡಿಸುತ್ತಾ ಕೇಳುತ್ತಿದ್ದ ಆಕೆ ಕೊನೆಯ ಪುಟಕ್ಕೆ ಬಂದಾಗ ಫಕ್ಕನೆ ನಕ್ಕುಬಿಟ್ಟರು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಗಂಡನ ಮಾತಿಗೆ ಆಕೆ ನಕ್ಕದ್ದು ಅದೇ ಮೊದಲು. ಅಲ್ಲಿಗೆ ಇದು ಪುಸ್ತಕವಾಗಲೇಬೇಕೆಂದು ತೀರ್ಮಾನವಾಯಿತು.

'ಆಮೆಯಜ್ಜನ ಆಕಳಿಕೆ' ಎಂದು ಹೆಸರು. ಆಮೆಯಜ್ಜನಿಗೆ ನಿದ್ದೆ. ಆದರೆ ಕಾಡಿನ ಪ್ರಾಣಿಗಳು ಒಂದರ ಹಿಂದೆ ಒಂದು ಬಂದು ಏನಾದರೊಂದು ಕೇಳುತ್ತವೆ. ಹದಿನೈದು ಪುಟ ಹೀಗೇ ಆಕಳಿಸಿ ಆಕಳಿಸಿ, ಹದಿನಾರನೆಯದರಲ್ಲಿ "ಆಮೆಯಜ್ಜ ಚಿಪ್ಪಿನೊಳಗೆ ಸೇರಿಕೊಂಡ. ಎಲ್ಲರೂ ಸುಮ್ಮನಾದರು." ಹದಿನೇಳನೆಯ ಪುಟದಲ್ಲಿ ಚಿಪ್ಪಿನಿಂದ ಒಂದೇ ಒಂದು ಕಣ್ಣು ಹೊರಗೆ ಬಂದು, "ಯಾರದು ಗೊರಕೆ ಹೊಡೆದದ್ದು?" ಎಂದು ಗದರುತ್ತದೆ. ಆನೆಯಿಂದ ಇಲಿಯವರೆಗೆ ಎಲ್ಲವೂ ಬಿದ್ದಂಬೀಳ ಓಡಿಹೋಗುತ್ತವೆ. ಅಲ್ಲಿ ಮಕ್ಕಳು ಹೊಟ್ಟೆ ಹುಣ್ಣಾಗುವಂತೆ ನಗಬೇಕು.

ಪುಸ್ತಕ ಅಚ್ಚಾಗಿ ಬಂತು. ಅದರಲ್ಲಿ ಹದಿನೇಳನೆಯ ಪುಟವೇ ಇರಲಿಲ್ಲ. ಆಮೆ ಕಣ್ಣು ತೆರೆಯಬೇಕಾದ ಜಾಗದಲ್ಲಿ, ಅಂದರೆ ಹಿಂಬದಿಯ ರಟ್ಟಿನ ಒಳಮೈಯಲ್ಲಿ, "ನಮ್ಮ ಇತರ ಪ್ರಕಟಣೆಗಳು" ಎಂದು ಮಗ್ಗಿ ಪುಸ್ತಕ, ಅರ್ಜಿ ಬರೆಯುವ ಕ್ರಮ, ಮನೆಯಲ್ಲೇ ಸೋಪು ತಯಾರಿಕೆ ಮೊದಲಾದ ಹನ್ನೊಂದು ಪುಸ್ತಕಗಳ ಪಟ್ಟಿಯಿತ್ತು. ನಮ್ಮ ಲೇಖಕರು ಉಸಿರು ಬಿಗಿಹಿಡಿದು ಪ್ರಕಾಶಕರಲ್ಲಿಗೆ ಓಡಿದರು.

"ನೋಡಿ ಸ್ವಾಮಿ, ಒಂದು ಹಾಳೆ ಮಡಿಸಿದ್ರೆ ಹದಿನಾರು ಪುಟ ಆಗತ್ತೆ," ಎಂದರು ಪ್ರಕಾಶಕರು. "ಅದು ನಾನು ಮಾಡಿದ ನಿಯಮ ಅಲ್ಲ, ಕಾಗದ ಮಾಡಿದ ನಿಯಮ. ನೀವು ಹದಿನೇಳು ಬರೆದ್ರೆ ಅದು ನನ್ನ ತಪ್ಪಾ?"

"ರಟ್ಟಿನ ಒಳಗಡೆ ಹಾಕ್ತೀನಿ ಅಂದಿದ್ರಲ್ಲ ಸಾರ್!"

"ಅಂದಿದ್ದೆ. ಆಮೇಲೆ ಪಟ್ಟಿ ಬಂತು."

"ಆಮೆ ಏಳೋದೇ ಇಲ್ವಲ್ಲ!"

"ಒಳ್ಳೇದೇ ಆಯ್ತು ಬಿಡಿ. ಮಲಗಿಸೋಕೆ ಓದೋ ಪುಸ್ತಕ. ಆಮೆ ಎದ್ರೆ ಮಕ್ಕಳೂ ಎದ್ದು ಕೂತ್ಕೋತಾವೆ."

ಎರಡು ತಿಂಗಳು ಯಾರೂ ಆ ಪುಸ್ತಕವನ್ನು ಮೂಸಿಯೂ ನೋಡಲಿಲ್ಲ. ಆಮೇಲೆ ಒಂದು ಶಾಲೆಯಿಂದ ಕರೆ ಬಂತು: ಲೇಖಕರು ಬಂದು ಮಕ್ಕಳೊಂದಿಗೆ ಮಾತಾಡಬೇಕು. ನಮ್ಮ ಲೇಖಕರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟರು. ನಡೆದ ಅನಾಹುತವನ್ನು ಅಲ್ಲಿಯಾದರೂ ಹೇಳಿ, ಹದಿನೇಳನೆಯ ಪುಟವನ್ನು ಬಾಯಲ್ಲೇ ಓದಿ ಮಕ್ಕಳನ್ನು ನಗಿಸುವುದೆಂದು ಬಸ್ಸಿನಲ್ಲಿ ಎರಡು ಸಲ ಅಭ್ಯಾಸವನ್ನೂ ಮಾಡಿಕೊಂಡರು. ಪಕ್ಕದಲ್ಲಿ ಕೂತಿದ್ದವರು ಎದ್ದು ಬೇರೆ ಸೀಟಿಗೆ ಹೋದರು.

ಶಾಲೆಯ ಗೇಟಿನಲ್ಲಿ ಹೆಡ್‌ಮಿಸ್ಸು ಹೂಗುಚ್ಛ ಹಿಡಿದು ನಿಂತಿದ್ದರು. ಆಕೆಯ ಕಣ್ಣು ಕೆಂಪಾಗಿತ್ತು.

"ಸಾರ್, ಮೊನ್ನೆ ನಮ್ಮ ಎರಡನೇ ಕ್ಲಾಸಿನ ಮೊಲ ಹೋಗ್ಬಿಡ್ತು. ಮಕ್ಕಳಿಗೆ ಏನು ಹೇಳ್ಬೇಕು ಅಂತ ತಿಳೀದೆ ಒದ್ದಾಡ್ತಿದ್ವಿ. ಆಗ ನಿಮ್ಮ ಪುಸ್ತಕ ಸಿಕ್ತು. ಸತ್ತ ಅನ್ನೋ ಒಂದು ಮಾತೂ ಇಲ್ದೆ ಸಾವನ್ನ ಹೇಳ್ಬಿಟ್ರಲ್ಲ ಸಾರ್! ಚಿಪ್ಪಿನೊಳಗೆ ಹೋದ, ಎಲ್ಲರೂ ಸುಮ್ಮನಾದ್ರು, ಆನೆ ಕಣ್ಣಲ್ಲಿ ಒಂದು ಹನಿ. ಪುಟ ತಿರುಗಿಸಿದ್ರೆ ಮಗ್ಗಿ ಪುಸ್ತಕ! ಬದುಕು ಅಂದ್ರೆ ಅಷ್ಟೇ ಅಲ್ವಾ ಸಾರ್. ಒಬ್ಬರು ಹೋಗ್ತಾರೆ, ಮಗ್ಗಿ ಮುಂದುವರಿಯತ್ತೆ."

ಆನೆಯ ಕಣ್ಣಿನ ಹನಿ ಪುಸ್ತಕಕ್ಕೆ ಚಿತ್ರ ಬರೆದ ಕಲಾವಿದೆಯ ಕುಂಚದಿಂದ ಬಿದ್ದ ಬಣ್ಣ. ಪಟ್ಟಿ ಪ್ರಕಾಶಕರ ದುರಾಸೆ. ಆಮೆ ಸತ್ತಿಲ್ಲ ತಾಯಿ, ಹಾಳೆ ಸಾಲಲಿಲ್ಲ ಎಂಬ ಮಾತು ನಮ್ಮ ಲೇಖಕರ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಕೈಗೆ ಹೂಗುಚ್ಛ ಬಂದಿತ್ತು. ಮುನ್ನೂರು ಮಕ್ಕಳು ಎದ್ದು ನಿಂತಿದ್ದರು. ಜೀವಮಾನದಲ್ಲಿ ಅವರನ್ನು ಕಂಡು ಎದ್ದು ನಿಂತವರೆಂದರೆ, ಈಗಷ್ಟೇ ಬಸ್ಸಿನಲ್ಲಿ ಸೀಟು ಬಿಟ್ಟು ಹೋದವರು ಮಾತ್ರ. "ಹೌದು... ಅದನ್ನ ಹೇಗೆ ಹೇಳೋದು ಅಂತ ನಾನೂ ತುಂಬ ಯೋಚನೆ ಮಾಡಿದೆ," ಎಂದುಬಿಟ್ಟರು. ತಮ್ಮ ಗಂಟಲಲ್ಲಿ ಅಷ್ಟು ಭಾರವಾದ ದನಿಯೊಂದು ಇದೆಯೆಂದು ಅವರಿಗೂ ಆವರೆಗೆ ಗೊತ್ತಿರಲಿಲ್ಲ.

ಹೆಡ್‌ಮಿಸ್ಸುಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ಮುಂದಿನ ವಾರ ಮೀನು ಸತ್ತ ಶಾಲೆಯಿಂದ ಕರೆ ಬಂತು. ಅದರ ಮುಂದಿನ ವಾರ ವಾಚ್‌ಮನ್ ತೀರಿಕೊಂಡ ಶಾಲೆಯಿಂದ. ಎಲ್ಲೆಲ್ಲಿ ಸಾವೋ ಅಲ್ಲೆಲ್ಲ ನಮ್ಮ ಲೇಖಕರು ಪುಸ್ತಕದ ಕಟ್ಟು ಹಿಡಿದು ಹಾಜರು. ಓದುವರು, ಮಕ್ಕಳು ಅಳುವರು, ಮಿಸ್ಸುಗಳು ಮಕ್ಕಳಿಗಿಂತ ಜೋರಾಗಿ ಅಳುವರು, ಕೊನೆಗೆ ಚಹಾ ಬಿಸ್ಕತ್ತು. ಸತ್ತ ಎನ್ನುವ ಮಾತನ್ನು ಮಾತ್ರ ಅವರು ಆಡುತ್ತಿರಲಿಲ್ಲ. ಅದಕ್ಕೆ ಎಲ್ಲರೂ ಅವರ ಸೂಕ್ಷ್ಮತೆಯನ್ನು ಹೊಗಳುತ್ತಿದ್ದರು. ನಿಜವಾಗಿ ಅವರಿಗೆ ಬಾಯಿ ಬರುತ್ತಿರಲಿಲ್ಲ, ಏಕೆಂದರೆ ಆಮೆ ಸತ್ತಿರಲಿಲ್ಲ.

ಕಚೇರಿಯಲ್ಲಿ ಮೇಲಧಿಕಾರಿ ಅವರ ರಜೆ ಅರ್ಜಿಗಳನ್ನು ಸಾಲಾಗಿ ಮೇಜಿನ ಮೇಲೆ ಹರಡಿಕೊಂಡು ಕರೆಸಿದರು.

"ಏನ್ರೀ ಇದು? 'ಮೀನು ತೀರಿಕೊಂಡ ನಿಮಿತ್ತ ಅರ್ಧ ದಿನ.' ನಿಮ್ಮ ಮೀನಾ?"

"ಅಲ್ಲ ಸಾರ್. ಶಾಲೆ ಮೀನು."

"ಇದು? 'ಗಿಣಿಯ ಅಕಾಲ ಮರಣದ ನಿಮಿತ್ತ ಪೂರ್ತಿ ದಿನ.' ಮೀನಿಗೆ ಅರ್ಧ, ಗಿಣಿಗೆ ಪೂರ್ತಿ?"

"ಗಿಣಿ ದೂರದ ಶಾಲೇದು ಸಾರ್."

ಮೇಲಧಿಕಾರಿ ಬಯ್ಯುವುದಕ್ಕೆ ಬಾಯಿ ತೆರೆದವರು ಹಾಗೇ ನಿಲ್ಲಿಸಿ, ದನಿ ತಗ್ಗಿಸಿ, "ನಮ್ಮ ಮಗಳು ಒಂದು ಹ್ಯಾಮ್‌ಸ್ಟರ್ ಅನ್ನೋ ಇಲಿ ಸಾಕಿದಾಳೆ ಕಣ್ರೀ. ಮೂರು ದಿನದಿಂದ ಏನೂ ತಿಂತಿಲ್ಲ. ಶನಿವಾರ ಬಿಡುವಿದೆಯಾ ನಿಮಗೆ?" ಎಂದರು. ರಜೆಯ ಸಮಸ್ಯೆ ಅಲ್ಲಿಗೆ ಬಗೆಹರಿಯಿತು.

ಇನ್ನೊಂದು ಶಾಲೆಯವರು ಇದಕ್ಕಿಂತ ಮುಂದಾಲೋಚನೆ ಉಳ್ಳವರು. "ಸಾರ್, ನಮ್ಮ ಗೇಟಿನ ಹತ್ರ ಇರೋ ಮುದಿ ನಾಯಿ ಇನ್ನು ಹದಿನೈದು ದಿನ ಅಂತ ಡಾಕ್ಟರು ಹೇಳಿದಾರೆ. ಈಗಲೇ ತಾರೀಕು ಕೊಟ್ಟಿರ್ತೀರಾ?" ಎಂದು ಬುಕ್ ಮಾಡಿದರು. ನಮ್ಮ ಲೇಖಕರ ಹೆಂಡತಿ ಅದನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟರು. ಹದಿನಾಲ್ಕನೆಯ ದಿನ ಫೋನು ಬಂತು: "ಕ್ಷಮಿಸಬೇಕು ಸಾರ್, ಕಾರ್ಯಕ್ರಮ ರದ್ದಾಗಿದೆ. ನಾಯಿ ಎದ್ದು ಓಡಾಡ್ತಿದೆ." ಆ ದನಿಯಲ್ಲಿ ನಾಯಿಯ ಮೇಲೆ ತುಸು ಸಿಟ್ಟೂ ಇತ್ತು.

ಕೊನೆಗೆ ಶಿಕ್ಷಣ ಇಲಾಖೆಯವರೇ ಒಂದು ಸುತ್ತೋಲೆ ಕಳಿಸಿ, ಎಲ್ಲ ಶಾಲೆಗಳ ಗೋಡೆಗೂ ತುರ್ತು ಕರೆಗಳ ಪಟ್ಟಿ ಅಂಟಿಸಿದರು. ಅಗ್ನಿಶಾಮಕ ದಳ, ಆಂಬುಲೆನ್ಸ್, ಹಾವು ಹಿಡಿಯುವವರು, ಅದರ ಕೆಳಗೆ ನಮ್ಮ ಲೇಖಕರು. ಹೆಂಡತಿ ಅದನ್ನು ಓದಿ, "ಬೇರೆಯವರ ಗಂಡಂದಿರು ಶಾಲೆಗೆ ಹೋದ್ರೆ ಮಕ್ಕಳು ಚಪ್ಪಾಳೆ ತಟ್ತಾರೆ. ನೀವು ಹೋದ್ರೆ ಕರವಸ್ತ್ರ ತೆಗೀತಾರೆ. ನನಗೆ ಮಾತ್ರ ಆವತ್ತು ಯಾಕೆ ನಗು ಬಂತೋ," ಎಂದರು.

ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರಿಗೆ ಜ್ವರ ಬಂದದ್ದು ಇದೇ ಸಮಯದಲ್ಲಿ. ಸಾದಾ ಜ್ವರ. ನೆರೆಹೊರೆಯವರೆಂದ ಮೇಲೆ ನೋಡಿಕೊಂಡು ಬರಬೇಕು ಎಂದು ನಮ್ಮ ಲೇಖಕರು ನಾಲ್ಕು ಕಿತ್ತಳೆ ಹಣ್ಣು ಹಿಡಿದು ಹೋದರು. ಬಾಗಿಲು ತೆರೆದ ಸೊಸೆ ಅವರನ್ನು ಕಂಡದ್ದೇ ತಡ, ಬಾಗಿಲಿಗೆ ಒರಗಿಬಿಟ್ಟಳು.

"ರೀ, ಬನ್ನಿ ಇಲ್ಲಿ! ಡಾಕ್ಟರು ನಮಗೆ ಹೇಳದೆ ಇವರಿಗೆ ಹೇಳಿ ಕಳ್ಸಿದಾರೆ!"

"ಯಾರೂ ಕಳ್ಸಿಲ್ಲಮ್ಮ, ಸುಮ್ನೆ ಬಂದೆ..."

"ಸುಮ್ನೆ ಬರೋರಾ ನೀವು?"

ಒಳಗೆ ಮಲಗಿದ್ದ ಪೋಸ್ಟ್‌ಮಾಸ್ಟರು ನಮ್ಮ ಲೇಖಕರ ಮುಖ ನೋಡಿದರು, ಕೈಯಲ್ಲಿದ್ದ ಹಣ್ಣು ನೋಡಿದರು, ಗೋಡೆಯ ಕಡೆ ತಿರುಗಿದರು. ಮಗನನ್ನು ಹತ್ತಿರ ಕರೆದು, ಮೂವತ್ತು ವರ್ಷದ ಹಿಂದೆ ಅವನ ಸೋದರತ್ತೆಯ ಮದುವೆ ತಪ್ಪಿಸಲು ಮೂಗರ್ಜಿ ಬರೆದದ್ದು ತಾನೇ ಎಂದು ಒಪ್ಪಿಕೊಂಡರು. ಅತ್ತೆ ಪಕ್ಕದ ಕೋಣೆಯಲ್ಲೇ ಇದ್ದಳು. ಮರುದಿನ ಬೆಳಗ್ಗೆ ಜ್ವರ ಇಳಿಯಿತು. ಪೋಸ್ಟ್‌ಮಾಸ್ಟರು ಬದುಕಿಕೊಂಡರು, ಆದರೆ ಆ ಮನೆಯಲ್ಲಿ ಬದುಕುವುದು ಅವರಿಗೆ ಬಹಳ ಕಷ್ಟವಾಯಿತು. ನಮ್ಮ ಲೇಖಕರ ಜೊತೆ ಅವರು ಮತ್ತೆ ಮಾತಾಡಲಿಲ್ಲ.

ಇಷ್ಟೆಲ್ಲ ಆದರೂ ನಮ್ಮ ಲೇಖಕರಿಗೆ ಇದ್ದ ಆಸೆ ಒಂದೇ. ಆರು ವರ್ಷದಲ್ಲಿ ನೂರಾ ನಲವತ್ತು ಶಾಲೆ ಸುತ್ತಿದ್ದರು. ಒಂದೇ ಒಂದು ಶಾಲೆಯಲ್ಲೂ ಒಂದು ಮಗು ನಕ್ಕ ಸದ್ದು ಅವರ ಕಿವಿಗೆ ಬಿದ್ದಿರಲಿಲ್ಲ. ತಾನು ನಗಿಸಲು ಹೊರಟವನು, ಮಕ್ಕಳನ್ನು ಅಳಿಸಿ ಬಿಸ್ಕತ್ತು ತಿಂದು ಬರುತ್ತಿದ್ದೇನೆ ಎಂದು ಅವರಿಗೆ ನಾಚಿಕೆಯಾಗುತ್ತಿತ್ತು. ಸಾಯುವುದರೊಳಗೆ ಒಮ್ಮೆ, ಒಂದು ತರಗತಿಯ ಮಕ್ಕಳು ಆ ಹದಿನೇಳನೆಯ ಪುಟಕ್ಕೆ ನಗುವುದನ್ನು ಕೇಳಬೇಕು. ಬಿಕ್ಕಳಿಸುವ ಮೇಕೆಯ ಮೇಲೆ ಹೊಸ ಕಥೆ ಬರೆದು ಕೊಟ್ಟು ನೋಡಿದರು.

"ಮೇಕೆ ಕೊನೇಲಿ ಹೋಗತ್ತಾ?" ಎಂದು ಪ್ರಕಾಶಕರು ಕೇಳಿದರು.

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ! ನಿಮ್ಮಂಥೋರಿಗೆ ನಾನು ಬಿಡಿಸಿ ಹೇಳ್ಬೇಕಾ?"

"ಇಲ್ಲ ಸಾರ್. ನೀರು ಕುಡಿಯತ್ತೆ. ಬಿಕ್ಕಳಿಕೆ ನಿಲ್ಲತ್ತೆ."

"ಉಸಿರೂ ನಿಂತ್ರೆ ಐದು ಸಾವಿರ ಪ್ರತಿ ಹಾಕ್ತೀನಿ. ಯೋಚನೆ ಮಾಡಿ."

ಕೊನೆಗೆ ಅವರ ನೆರವಿಗೆ ಬಂದದ್ದು ಯಾವ ರಸಿಕನೂ ಅಲ್ಲ, ಶಿಕ್ಷಣ ಇಲಾಖೆಯ ಇನ್ನೊಂದು ಸುತ್ತೋಲೆ. ಶಾಲಾ ಗ್ರಂಥಾಲಯಕ್ಕೆ ಕೊಳ್ಳುವ ಪುಸ್ತಕ ಇಪ್ಪತ್ತು ಪುಟಕ್ಕೆ ಕಡಿಮೆ ಇರಕೂಡದು. ಇದ್ದರೆ ಅದು ಪುಸ್ತಕವಲ್ಲ, ಕರಪತ್ರ. ಪ್ರಕಾಶಕರು ತಾವಾಗಿಯೇ ಫೋನು ಮಾಡಿದರು. "ಇಪ್ಪತ್ನಾಲ್ಕು ಪುಟ ಮಾಡ್ತಿದೀನಿ. ತುಂಬ್ಸೋಕೆ ಏನಾದ್ರೂ ಬೇಕು. ಆ ನಿಮ್ಮ ಹದಿನೇಳನೇ ಪುಟ ಇನ್ನೂ ಇಟ್ಕೊಂಡಿದೀರಾ?"

ಇಟ್ಟುಕೊಂಡಿದ್ದಾರೆಯೇ! ನಮ್ಮ ಲೇಖಕರು ಅದನ್ನು ಆಸ್ತಿಪತ್ರಗಳ ಜೊತೆ ಬೀರುವಿನಲ್ಲಿಟ್ಟಿದ್ದರು. ಪುಟ ಅಚ್ಚಿಗೆ ಸಿದ್ಧವಾಯಿತು. ಗುರುವಾರ ಮಧ್ಯಾಹ್ನ ಯಂತ್ರ ಶುರು. ಅದೇ ಗುರುವಾರ ಬೆಳಗ್ಗೆ ಒಂದು ಶಾಲೆಗೆ ಹೋಗಬೇಕಿತ್ತು. ಯಾರು ಹೋದದ್ದೆಂದು ಕೇಳುವ ಅಭ್ಯಾಸವನ್ನು ಅವರು ಎಂದೋ ಬಿಟ್ಟಿದ್ದರು. ಬಣ್ಣದ ಕರಡು ಪುಟವನ್ನು ಚೀಲಕ್ಕೆ ಹಾಕಿಕೊಂಡು, "ಇವತ್ತು ನಗಿಸಿಯೇ ಬರ್ತೀನಿ ನೋಡು," ಎಂದು ಹೆಂಡತಿಗೆ ಹೇಳಿ, ಮದುಮಗನ ಉತ್ಸಾಹದಲ್ಲಿ ಹೊರಟರು.

ಶಾಲೆಯ ಜಗಲಿಯಲ್ಲಿ ಮೂರನೇ ತರಗತಿಯ ಮಿಸ್ಸು ಕಾಯುತ್ತಿದ್ದರು. ಪಕ್ಕದಲ್ಲಿ ಗ್ಯಾರೇಜಿನ ನೀಲಿ ಅಂಗಿ ತೊಟ್ಟ ಒಬ್ಬ ಮನುಷ್ಯ. ಉಗುರಿನ ಸಂದಿಯ ಗ್ರೀಸನ್ನು ಇನ್ನೊಂದು ಕೈಯ ಉಗುರಿನಿಂದ ಕೆರೆಯುತ್ತಾ ನಿಂತಿದ್ದ.

"ಇವರ ಮಗಳು ನಮ್ಮ ಕ್ಲಾಸು ಸಾರ್. ಅವಳ ತಾಯಿ..." ಎಂದು ಮಿಸ್ಸು ಅಲ್ಲಿಗೇ ನಿಲ್ಲಿಸಿದರು.

"ಒಂದು ತಿಂಗಳಾಯ್ತು ಸಾರ್," ಎಂದ ಆತ. "ಆಸ್ಪತ್ರೆಯಿಂದ ಮನೆಗೆ ತರಲೇ ಇಲ್ಲ. ಇವಳನ್ನ ಪಕ್ಕದ ಮನೇಲಿ ಬಿಟ್ಟಿದ್ವಿ. ಬಂದು ನೋಡಿದ್ರೆ ಬಾಗಿಲಲ್ಲೇ ನಿಂತಿದ್ಲು. ಅಮ್ಮ ಎಲ್ಲಿ ಅಂದ್ಲು. ಚಿಕ್ಕಮ್ಮನ ಮನೆಗೆ ಹೋಗಿದಾಳೆ ಅಂದ್ಬಿಟ್ಟೆ. ಆವತ್ತು ಬಾಯಿಗೆ ಬಂದಿದ್ದು ಅದು. ಈಗ ತಿರುಗಿಸಿ ಹೇಳೋಕೆ ನನ್ನ ಕೈಲಿ ಆಗ್ತಿಲ್ಲ. ನೀವು ಸುಮ್ನೆ ಓದಿ ಸಾರ್. ನಿಮ್ಮ ಪುಸ್ತಕ ಕೇಳಿದ್ರೆ ಮಕ್ಕಳಿಗೆ ತಾನಾಗೇ ತಿಳಿಯತ್ತಂತೆ."

ಮೊಲ, ಮೀನು, ಗಿಣಿ, ವಾಚ್‌ಮನ್ ಎಲ್ಲರನ್ನೂ ದಾಟಿ ಬಂದ ನಮ್ಮ ಲೇಖಕರಿಗೆ ಇದು ಹೊಸದು. ಇವತ್ತೇ ಬರಬೇಕಿತ್ತೇ ಇದು ಎಂದು ಅವರಿಗೆ ಸಿಟ್ಟೂ ಬಂತು. ಅಂಥ ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಯಿತು. ಒಳಗೆ ಹೋಗಿ ಕುರ್ಚಿಯಲ್ಲಿ ಕೂತು ಪುಸ್ತಕ ತೆರೆದರು. ಆ ತಂದೆ ಹಿಂದಿನ ಬಾಗಿಲಲ್ಲಿ ನಿಂತುಕೊಂಡ.

ಹುಡುಗಿ ಯಾರೆಂದು ಯಾರೂ ತೋರಿಸಬೇಕಾಗಿರಲಿಲ್ಲ. ಎರಡನೇ ಸಾಲಿನಲ್ಲಿ ಒಂದು ಜಡೆ ಮೇಲೆ, ಒಂದು ಜಡೆ ಕೆಳಗೆ. ಗಂಡಸಿನ ಕೈ ಹೆಣೆದದ್ದೆಂದು ಯಾರಿಗಾದರೂ ತಿಳಿಯುತ್ತಿತ್ತು. ನಮ್ಮ ಲೇಖಕರು ಓದುತ್ತಾ ಹೋದರು. ಆಮೆಯಜ್ಜ ಆಕಳಿಸಿದ, ಮೊಲ ಬಂತು, ಇಲಿ ಬಂತು, ಆನೆ ಬಂತು. "ಆಮೆಯಜ್ಜ ಚಿಪ್ಪಿನೊಳಗೆ ಸೇರಿಕೊಂಡ. ಎಲ್ಲರೂ ಸುಮ್ಮನಾದರು." ತರಗತಿಯೂ ಸುಮ್ಮನಾಯಿತು. ಅವರ ಕೈ ಆಗಲೇ ಚೀಲದೊಳಗೆ ಹೋಗಿ ಹದಿನೇಳನೆಯ ಪುಟದ ಅಂಚನ್ನು ಹಿಡಿದಿತ್ತು.

ಹುಡುಗಿ ಎದ್ದು ನಿಂತಳು. "ಅಜ್ಜ ಮತ್ತೆ ಏಳ್ತಾನಾ?"

ನಲವತ್ತು ಮಕ್ಕಳು ಅವರನ್ನೇ ನೋಡಿದರು. ಪುಟ ಹೊರಗೆ ತೆಗೆದರೆ ಸಾಕು. ಒಂದು ಕಣ್ಣು, ಒಂದು ಗದರಿಕೆ, ಆನೆಯ ಓಟ. ತರಗತಿಗೆ ತರಗತಿಯೇ ನಕ್ಕುಬಿಡುತ್ತದೆ. ಆರು ವರ್ಷ ಕಾದ ನಗು. ಈ ಮಗುವೂ ನಗುತ್ತದೆ. ನಕ್ಕು ಮನೆಗೆ ಹೋಗಿ ಬಾಗಿಲು ತೆರೆದಿಟ್ಟುಕೊಂಡು ಕಾಯುತ್ತಾ ಕೂರುತ್ತದೆ. ಎಷ್ಟು ದಿನ ಕೂರುತ್ತದೆ? ನಮ್ಮ ಲೇಖಕರ ಕೈ ಚೀಲದಿಂದ ಬರಿದಾಗಿ ಹೊರಗೆ ಬಂತು.

"ಇಲ್ಲ ಪುಟ್ಟಿ. ಏಳಲ್ಲ."

"ಯಾಕೆ?"

"ಸತ್ತೋದ."

ಮಿಸ್ಸು ಬಾಯಿಗೆ ಕೈ ಅಡ್ಡ ಹಿಡಿದರು. ನೂರಾ ನಲವತ್ತು ಶಾಲೆಗಳಲ್ಲಿ ಆಡದ ಮಾತನ್ನು ನಮ್ಮ ಲೇಖಕರು ಅಲ್ಲಿ ಆಡಿದರು. ಆರು ವರ್ಷ ಬದುಕಿಸಿಕೊಂಡು ಬಂದ ಆಮೆಯನ್ನು ತಮ್ಮ ಬಾಯಿಂದಲೇ ಕೊಂದರು. ಅಳು ಬಂತು. ತಡೆದುಕೊಂಡರು.

"ಸುತ್ತ ನಿಂತಿರೋ ಇವರಿಗೆಲ್ಲ ಗೊತ್ತಾ?" ಎಂದು ಹುಡುಗಿ ಚಿತ್ರ ತೋರಿಸಿದಳು.

"ಗೊತ್ತು."

"ಹಾಗಾದ್ರೆ ಯಾಕೆ ಸುಮ್ನೆ ನಿಂತಿದಾರೆ?"

"ಹೇಗೆ ಹೇಳ್ಬೇಕು ಅಂತ ಅವರಿಗೆ ಗೊತ್ತಾಗ್ತಿಲ್ಲ."

ಹುಡುಗಿ ತಲೆಯಾಡಿಸಿ ಕೂತಳು. ಅಳಲಿಲ್ಲ.

ಜಗಲಿಗೆ ಬಂದರೆ ಚೀಲದಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. "ಯಂತ್ರ ರೆಡಿ ಸ್ವಾಮಿ. ಆಮೆ ಎಬ್ಬಿಸ್ಲಾ?" ಎಂದು ಪ್ರಕಾಶಕರು ಕೇಳಿದರು.

"ಬೇಡ ಸಾರ್. ಆ ಪುಟ ತೆಗೆದುಬಿಡಿ."

"ಮತ್ತೆ ಅಷ್ಟು ಜಾಗಕ್ಕೆ?"

"ನಿಮ್ಮ ಪಟ್ಟಿನೇ ಹಾಕ್ಕೊಳ್ಳಿ."

ಪ್ರಕಾಶಕರು ಆರು ವರ್ಷದಲ್ಲಿ ಮೊದಲ ಸಲ ಅವರನ್ನು ಬುದ್ಧಿವಂತರೆಂದು ಕರೆದು ಫೋನಿಟ್ಟರು. ಹಿಂದಿನಿಂದ ಯಾರೋ ಅಂಗಿ ಜಗ್ಗಿದರು. ಹುಡುಗಿ ಪುಸ್ತಕ ಹಿಡಿದು ನಿಂತಿದ್ದಳು. ಸಹಿ ಬೇಕೇನೋ ಎಂದು ನಮ್ಮ ಲೇಖಕರು ಬಗ್ಗಿ ಪೆನ್ನು ತೆಗೆದರು. ಅವಳು ಅವರ ಕಿವಿಯ ಹತ್ತಿರ ಬಾಯಿ ತಂದಳು.

"ನಂಗೆ ಮೊದಲೇ ಗೊತ್ತಿತ್ತು. ಪಕ್ಕದ ಮನೆ ಆಂಟಿ ಫೋನಲ್ಲಿ ಮಾತಾಡೋವಾಗ ಕೇಳಿಸ್ಕೊಂಡೆ. ಆದ್ರೆ ಅಪ್ಪಂಗೆ ಹೇಳ್ಬೇಡಿ. ಪಾಪ, ಅವರಿಗೆ ಗೊತ್ತಿಲ್ಲ. ದಿನಾ ಸಂಜೆ ಅಮ್ಮಂಗೆ ಫೋನ್ ಮಾಡ್ತಾರೆ. ಊಟ ಆಯ್ತಾ ಅಂತ ಕೇಳ್ತಾರೆ. ಆ ಕಡೆಯಿಂದ ಯಾರೂ ಮಾತಾಡಲ್ಲ, ಆದ್ರೂ ಮಾತಾಡ್ತಾನೇ ಇರ್ತಾರೆ."

ಅಷ್ಟು ಹೇಳಿ, ನೀರು ಕುಡಿಯಲು ನಲ್ಲಿಯ ಕಡೆ ಓಡಿದಳು. ನಮ್ಮ ಲೇಖಕರು ಬಗ್ಗಿದವರು ಬಗ್ಗಿಯೇ ಇದ್ದರು. ತಲೆ ಎತ್ತಿದಾಗ ಎದುರಿಗೆ ನೀಲಿ ಅಂಗಿ.

"ಏನಂದ್ಲು ಸಾರ್? ತಿಳೀತಾ ಅವಳಿಗೆ?"

ಓದುಗರಿಗೆ ಕೊಟ್ಟ ಮಾತು ಮುರಿಯುವುದು ಲೇಖಕನಿಗೆ ಶೋಭೆಯಲ್ಲ. ಆದರೆ ನಮ್ಮವರು ಮಾತು ಕೊಟ್ಟೇ ಇರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಆ ಮನುಷ್ಯನ ಗ್ರೀಸು ಹತ್ತಿದ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಅವಳಿಗೆ ಮೊದಲಿಂದ ಗೊತ್ತಿತ್ತಪ್ಪ. ಇವತ್ತು ಸಂಜೆ ಫೋನ್ ಮಾಡ್ಬೇಡಿ."

ಆತ ಜಗಲಿಯ ಮೇಲಿದ್ದ ಮಕ್ಕಳ ಬೆಂಚಿನ ಮೇಲೆ ಕುಸಿದು, ಮೊಣಕಾಲು ಎದೆಗೆ ಬರುವಂತೆ ಕೂತು, ದನಿ ಎತ್ತಿ ಅತ್ತುಬಿಟ್ಟ. ನೀರು ಕುಡಿದು ಬಂದ ಹುಡುಗಿ ಅದನ್ನು ಕಂಡು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಹೇಳ್ಬೇಡಿ ಅಂದಿದ್ದೆ ತಾನೆ?" ಎಂದು ನಮ್ಮ ಲೇಖಕರನ್ನು ಗದರಿಸಿ, ತನ್ನ ಲಂಗದ ಅಂಚಿನಿಂದ ಅಪ್ಪನ ಮುಖ ಒರೆಸತೊಡಗಿದಳು.